ಟೀಸ್ ಪರೀಕ್ಷೆಗೆ ಎಟಿಐ ಸಾಮಗ್ರಿ: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ಓದುವ ಆಸೆ ಹುಟ್ಟುವುದೇ ಅಲ್ಲಿನ ಫೀಸು ನೋಡಿ. ಆ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಕೋರ್ಸನ್ನು ಅಳೆಯುವ ಕ್ರೆಡಿಟ್) 46 ಡಾಲರ್. ಎರಡು ವರ್ಷದ ಎಡಿಎನ್ (ನರ್ಸಿಂಗ್‌ನ ಅಸೋಸಿಯೇಟ್ ಡಿಗ್ರಿ) ಮುಗಿಸಿ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಪಾಸಾದರೆ ಸಿಗುವುದು ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಲೈಸೆನ್ಸ್. ಯೂನಿವರ್ಸಿಟಿಯಲ್ಲಿ ಬಿಎಸ್‌ಎನ್ (ನರ್ಸಿಂಗ್ ಪದವಿ) ಮಾಡಿದವರಿಗೆ ಸಿಗುವುದೂ ಅದೇ ಲೈಸೆನ್ಸ್. ಹೀಗಿರುವಾಗ ಸೀಟಿಗಿಂತ ಅರ್ಜಿಗಳೇ ಜಾಸ್ತಿ. ಕೆಲವು ಕಾಲೇಜುಗಳು ಲಾಟರಿ ಎತ್ತುತ್ತವೆ. ಉಳಿದವು ಅಂಕ, ಹಿಂದಿನ ಡಿಗ್ರಿ, ಕೆಲಸದ ಅನುಭವ ಎಲ್ಲಕ್ಕೂ ಪಾಯಿಂಟ್ ಕೊಟ್ಟು ಪಟ್ಟಿ ಮಾಡುತ್ತವೆ. ಆ ಪಟ್ಟಿಯಲ್ಲಿ ಮೇಲಕ್ಕೋ ಕೆಳಕ್ಕೋ ತಳ್ಳುವ ದೊಡ್ಡ ಸಂಗತಿ ಎಟಿಐ ಕಂಪನಿ ನಡೆಸುವ ನರ್ಸಿಂಗ್ ಪ್ರವೇಶ ಪರೀಕ್ಷೆ, ಟೀಸ್. ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್‌ಗಳಲ್ಲೂ ಹಲವು ಇದನ್ನೇ ಕೇಳುತ್ತವೆ.

ಪರೀಕ್ಷೆ ನಡೆಸುವ ಎಟಿಐಯೇ ತಯಾರಿಗೆ ಬೇಕಾದ ಸಾಮಗ್ರಿಯನ್ನೂ ಮಾರುತ್ತದೆ. ಮುಖ್ಯವಾದವು ಮೂರು: ಸ್ಟಡಿ ಮ್ಯಾನ್ಯುಯಲ್, ಆನ್‌ಲೈನ್ ಪ್ರಾಕ್ಟೀಸ್ ಟೆಸ್ಟ್ ಎ ಮತ್ತು ಬಿ, ಸ್ಮಾರ್ಟ್‌ಪ್ರೆಪ್ ಎಂಬ ಆನ್‌ಲೈನ್ ಪಾಠಮಾಲೆ. ಮೂರನ್ನೂ ಒಂದೇ ಪ್ಯಾಕೇಜಾಗಿ ತೆಗೆದುಕೊಳ್ಳುವ ಮೊದಲು ಪರೀಕ್ಷೆಯ ಲೆಕ್ಕಾಚಾರ ಗೊತ್ತಿರಲಿ.

ಒಟ್ಟು 170 ಪ್ರಶ್ನೆ, 209 ನಿಮಿಷ. ಇದರಲ್ಲಿ 20 ಪ್ರಶ್ನೆಗಳು ಕಂಪನಿ ತನ್ನ ಪ್ರಯೋಗಕ್ಕೆ ಸೇರಿಸಿದವು. ಅವಕ್ಕೆ ಅಂಕವಿಲ್ಲ, ಯಾವುವೆಂದು ಗೊತ್ತಾಗುವುದೂ ಇಲ್ಲ. ಲೆಕ್ಕಕ್ಕೆ ಬರುವ 150ರಲ್ಲಿ ರೀಡಿಂಗ್ 39, ಗಣಿತ 34, ವಿಜ್ಞಾನ 44, ಇಂಗ್ಲಿಷ್ 33. ರೀಡಿಂಗನ್ನೂ ಇಂಗ್ಲಿಷನ್ನೂ ಕೂಡಿಸಿ ನೋಡಿ: 72. ಹೆಚ್ಚುಕಮ್ಮಿ ಅರ್ಧ ಪರೀಕ್ಷೆ. ನಮ್ಮ ಕಡೆಯಿಂದ ಪಿಯುಸಿ ಸೈನ್ಸ್ ಓದಿ ಬಂದವರು ಎಡವುವುದು ಇಲ್ಲೇ. ವಿಜ್ಞಾನದ ಪುಸ್ತಕ ಹಿಡಿದು ಎರಡು ತಿಂಗಳು ಕೂರುತ್ತಾರೆ, ಇಂಗ್ಲಿಷ್ ಬರುತ್ತದೆ ಎಂಬ ಧೈರ್ಯದಲ್ಲಿ ಈ 72ನ್ನು ಮುಟ್ಟುವುದೇ ಇಲ್ಲ.

ಈ ದೃಷ್ಟಿಯಿಂದ ನೋಡಿದರೆ ಎಟಿಐ ಸಾಮಗ್ರಿಯಲ್ಲಿ ಕಣ್ಣುಮುಚ್ಚಿ ದುಡ್ಡು ಕೊಡಬಹುದಾದದ್ದು ಪ್ರಾಕ್ಟೀಸ್ ಟೆಸ್ಟ್ ಎ ಮತ್ತು ಬಿ. ನನ್ನ ಲೆಕ್ಕದಲ್ಲಿ ಇದಕ್ಕೆ ಐದಕ್ಕೆ ನಾಲ್ಕೂವರೆ ಅಂಕ. ಪ್ರಶ್ನೆಯ ಧಾಟಿ, ಉತ್ತರಗಳ ನಡುವಿನ ಸೂಕ್ಷ್ಮ ವ್ಯತ್ಯಾಸ, ಪರದೆಯ ಮೇಲಿನ ಕ್ಯಾಲ್ಕುಲೇಟರ್, ಎಲ್ಲವೂ ನಿಜವಾದ ಪರೀಕ್ಷೆಗೆ ತೀರಾ ಹತ್ತಿರ. ಮುಗಿದ ಮೇಲೆ ಯಾವ ವಿಷಯದಲ್ಲಿ ಎಷ್ಟು ತಪ್ಪಾಯಿತೆಂಬ ವರದಿ ಬರುತ್ತದೆ, ಉತ್ತರಕ್ಕೆ ವಿವರಣೆಯೂ ಇದೆ. ಬಳಸುವ ಕ್ರಮ ಮಾತ್ರ ಮುಖ್ಯ. 'ಎ'ಯನ್ನು ಓದು ಶುರುಮಾಡುವ ಮೊದಲೇ, ಗಡಿಯಾರ ಇಟ್ಟುಕೊಂಡು, ಒಂದೇ ಸಲ ಕೂತು ಬರೆಯಿರಿ. ಅಂಕ ಕಡಿಮೆ ಬಂದರೆ ಬೇಜಾರು ಬೇಡ, ಎಲ್ಲಿ ಓದಬೇಕೆಂದು ತಿಳಿಯುವುದಕ್ಕೇ ಅದು ಇರುವುದು. 'ಬಿ'ಯನ್ನು ಪರೀಕ್ಷೆಗೆ ಎರಡು ವಾರ ಇರುವಾಗ ಬರೆಯಿರಿ. ಒಮ್ಮೆ ಬರೆದದ್ದನ್ನೇ ಮತ್ತೆ ಬರೆದರೆ ಪ್ರಶ್ನೆ ನೆನಪಿದ್ದು ಅಂಕ ಏರುತ್ತದೆ. ಅದನ್ನು ನಂಬಿ ಕೂರಬೇಡಿ.

ಸ್ಟಡಿ ಮ್ಯಾನ್ಯುಯಲ್‌ಗೆ ಐದಕ್ಕೆ ಮೂರು. ಪಠ್ಯಕ್ರಮದಲ್ಲಿ ಏನಿದೆ, ಏನಿಲ್ಲ ಎಂದು ಗೆರೆ ಎಳೆದು ತೋರಿಸುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಗಣಿತದ ಭಾಗ ಚೆನ್ನಾಗಿದೆ. ವಿಜ್ಞಾನ ಮಾತ್ರ ತೆಳು. ವಿಜ್ಞಾನದ 44 ಪ್ರಶ್ನೆಗಳಲ್ಲಿ 18 ಅಂಗರಚನೆ ಮತ್ತು ಅಂಗಕ್ರಿಯೆಯದ್ದು. ಜೀವಶಾಸ್ತ್ರ 9, ರಸಾಯನಶಾಸ್ತ್ರ 8, ವೈಜ್ಞಾನಿಕ ತರ್ಕ 9. ಆ 18ಕ್ಕೆ ಮ್ಯಾನ್ಯುಯಲ್‌ನ ಕೆಲವೇ ಪುಟ ಸಾಲುವುದಿಲ್ಲ. ಅದರ ಬದಲು ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಅನಾಟಮಿ ಅಂಡ್ ಫಿಸಿಯಾಲಜಿ ಪುಸ್ತಕ ಉಚಿತವಾಗಿ ಸಿಗುತ್ತದೆ. ಮ್ಯಾನ್ಯುಯಲ್‌ನ ವಿಷಯಸೂಚಿಯನ್ನು ಪಕ್ಕದಲ್ಲಿಟ್ಟು, ಅದರಲ್ಲಿರುವ ಅಂಗವ್ಯೂಹಗಳನ್ನಷ್ಟೇ ಓಪನ್‌ಸ್ಟ್ಯಾಕ್ಸ್‌ನಲ್ಲಿ ಓದಿ. ಕಾಲೇಜಿನಲ್ಲಿ ಅನಾಟಮಿ, ಫಿಸಿಯಾಲಜಿ ಕೋರ್ಸು ಮುಗಿಸಿದ ಕೂಡಲೇ ಟೀಸ್ ಬರೆದರೆ ಈ ಕೆಲಸದಲ್ಲಿ ಅರ್ಧ ತಪ್ಪುತ್ತದೆ. ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವವರು ಮುಖಪುಟ ನೋಡಿ ತೆಗೆದುಕೊಳ್ಳಿ: 2022ರ ಜೂನ್‌ನಿಂದ ನಡೆಯುತ್ತಿರುವುದು 7ನೇ ಆವೃತ್ತಿ. 6ನೆಯದರಲ್ಲಿ ಹೊಸ ಮಾದರಿಯ ಪ್ರಶ್ನೆಗಳೇ ಇಲ್ಲ.

ಆ ಹೊಸ ಮಾದರಿಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಾಲ್ಕರಲ್ಲಿ ಒಂದನ್ನು ಆರಿಸುವುದರ ಜೊತೆಗೆ, ಸರಿ ಇರುವ ಎಲ್ಲವನ್ನೂ ಆರಿಸುವುದು, ಚಿತ್ರದ ಮೇಲೆ ಜಾಗ ತೋರಿಸುವುದು, ಅನುಕ್ರಮವಾಗಿ ಜೋಡಿಸುವುದು, ಉತ್ತರವನ್ನೇ ಟೈಪ್ ಮಾಡುವುದು ಬಂದಿವೆ. ಎಲ್ಲವನ್ನೂ ಆರಿಸುವ ಪ್ರಶ್ನೆಯಲ್ಲಿ ಮೂರಕ್ಕೆ ಎರಡು ಸರಿಯಾದರೆ ಸಿಗುವುದು ಸೊನ್ನೆ, ಅರ್ಧ ಅಂಕವಲ್ಲ. ಜೋಡಿಸುವ ಪ್ರಶ್ನೆಗೆ ಹೃದಯದೊಳಗಿನ ರಕ್ತದ ದಾರಿ ಒಳ್ಳೆಯ ಅಭ್ಯಾಸ. ಕನ್ನಡ ಮೀಡಿಯಂನಲ್ಲಿ ಹೃತ್ಕರ್ಣ, ಹೃತ್ಕುಕ್ಷಿ ಎಂದು ಕಲಿತವರಿಗೆ ದಾರಿ ಗೊತ್ತು, ಹೆಸರು ಹೊಸದು: ರೈಟ್ ಏಟ್ರಿಯಂ, ಟ್ರೈಕಸ್ಪಿಡ್ ವಾಲ್ವ್, ರೈಟ್ ವೆಂಟ್ರಿಕಲ್, ಪಲ್ಮನರಿ ವಾಲ್ವ್, ಪಲ್ಮನರಿ ಆರ್ಟರಿ, ಶ್ವಾಸಕೋಶ, ಪಲ್ಮನರಿ ವೇನ್, ಲೆಫ್ಟ್ ಏಟ್ರಿಯಂ, ಹೀಗೆ ಮುಂದಕ್ಕೆ. ಅಪಧಮನಿ (ಆರ್ಟರಿ) ಎಂದರೆ ಆಮ್ಲಜನಕ ತುಂಬಿದ ರಕ್ತ ಎಂದು ಬಾಯಿಪಾಠ ಮಾಡಿದವರು ಪಲ್ಮನರಿ ಆರ್ಟರಿಯಲ್ಲಿ ಜಾರುತ್ತಾರೆ, ಅದರಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಿರುವ ರಕ್ತ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ ಎಂದು ನೆನಪಿಟ್ಟರೆ ಎಲ್ಲೂ ತಪ್ಪುವುದಿಲ್ಲ.

ಗಣಿತ ನಮ್ಮವರಿಗೆ ಕಷ್ಟವಲ್ಲ, ಅಳತೆಗಳೇ ಕಷ್ಟ. ಪೌಂಡು, ಔನ್ಸು, ಕಪ್, ಕ್ವಾರ್ಟು, ಗ್ಯಾಲನ್ನುಗಳ ಅಂದಾಜು ನಮಗಿಲ್ಲ. 16 ಔನ್ಸು ಒಂದು ಪೌಂಡು, 4 ಕ್ವಾರ್ಟು ಒಂದು ಗ್ಯಾಲನ್, ಒಂದು ಕಿಲೋ ಸುಮಾರು 2.2 ಪೌಂಡು, ಒಂದು ಇಂಚು 2.54 ಸೆಂಟಿಮೀಟರ್: ಇಷ್ಟು ನಾಲಿಗೆಯ ತುದಿಯಲ್ಲಿರಲಿ. 150 ಪೌಂಡ್ ತೂಕದ ರೋಗಿ ಎಷ್ಟು ಕಿಲೋ, ದಶಮಾಂಶದ ಒಂದು ಸ್ಥಾನಕ್ಕೆ ಬರೆಯಿರಿ ಎಂದರೆ, 2.2ರಿಂದ ಭಾಗಿಸಿ ಬರುವ ಉತ್ತರ 68.2. ಲೆಕ್ಕ ಸರಿ ಮಾಡಿ 68 ಎಂದು ಟೈಪ್ ಮಾಡಿದರೆ ತಪ್ಪು. ಯಾವ ಸ್ಥಾನಕ್ಕೆ ಅಂದಾಜಿಸಬೇಕೆಂಬ ಸಾಲನ್ನು ಎರಡು ಸಲ ಓದುವ ಅಭ್ಯಾಸ ಮಾಡಿಕೊಳ್ಳಿ.

ಇಂಗ್ಲಿಷ್ ಭಾಗಕ್ಕೆ 37 ನಿಮಿಷ, 37 ಪ್ರಶ್ನೆ. ಕೊನೆಗೆ ಬರುವ ಭಾಗವಾದ್ದರಿಂದ ತಲೆ ದಣಿದಿರುತ್ತದೆ. ಕಲರ್ ಪದಕ್ಕೆ 'ಯು' ಸೇರಿಸಿ ಬರೆದು ಕಲಿತವರು ನಾವು. ಅಲ್ಲಿ ಅಮೆರಿಕದ ಕಾಗುಣಿತ. ಪೂರ್ಣವಿರಾಮ ಉದ್ಧರಣ ಚಿಹ್ನೆಯ ಒಳಗೆ ಬರಬೇಕು. 'ಟೀಮ್', 'ಕಮಿಟಿ' ಏಕವಚನ. ದಿನಾ ಮಾತಿನಲ್ಲಿ ಬರುವ 'ಡಿಸ್ಕಸ್ ಅಬೌಟ್' ಅಲ್ಲಿ ತಪ್ಪು. ಇವನ್ನು ಸರಿಮಾಡಿಕೊಳ್ಳಲು ದಿನಕ್ಕೆ ಅರ್ಧ ಗಂಟೆಯಂತೆ ಮೂರು ವಾರ ಸಾಕು. ರೀಡಿಂಗ್‌ನಲ್ಲಿ ಪ್ರಶ್ನೆಗೆ ಸರಾಸರಿ 73 ಸೆಕೆಂಡು, ವಿಜ್ಞಾನದಲ್ಲಿ 72. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ.

ಸ್ಮಾರ್ಟ್‌ಪ್ರೆಪ್, ಶಾಲೆ ಬಿಟ್ಟು ಹತ್ತಿಪ್ಪತ್ತು ವರ್ಷವಾದವರಿಗೆ, ಯಾರಾದರೂ ಕೈಹಿಡಿದು ಪಾಠ ಮಾಡಬೇಕು ಅನ್ನಿಸುವವರಿಗೆ ಸರಿ. ಉಳಿದವರಿಗೆ ಅದರ ಬೆಲೆಗೆ ತಕ್ಕ ಲಾಭವಿಲ್ಲ. ಖಾನ್ ಅಕಾಡೆಮಿ ವೆಬ್‌ಸೈಟಿನ ಉಚಿತ ಪಾಠಗಳೇ ಸಾಕು.

ಅಂಕದ ಗುರಿ ಎಷ್ಟಿರಬೇಕು? ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಪಾಸಾಗಲು ಶೇ. 62 ಬೇಕು. ಅದು ಬಾಗಿಲ ಹೊಸ್ತಿಲು ಮಾತ್ರ. ಪಾಯಿಂಟ್ ಪದ್ಧತಿಯ ಕಾಲೇಜಿಗೆ 80ರ ಮೇಲೆ ಇಟ್ಟುಕೊಳ್ಳಿ. ಎಷ್ಟು ಸಲ ಬರೆಯಬಹುದು, ಮೊದಲ ಸಲದ್ದನ್ನು ಎಣಿಸುತ್ತಾರೋ ಅತಿ ಹೆಚ್ಚಿನದನ್ನೋ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. 'ಸುಮ್ಮನೆ ಒಂದು ಸಲ ಬರೆದು ನೋಡೋಣ' ಅನ್ನುವ ಮೊದಲು ಆ ನಿಯಮ ಓದಿ.

ಕನ್ನಡಿಗರಿಗೆ ಹೇಳಲೇಬೇಕಾದ ಇನ್ನೊಂದು ವಿಷಯ. ಪಾಯಿಂಟ್ ಪದ್ಧತಿಯನ್ನು ವಿವರಿಸುವ ಕ್ಯಾಲಿಫೋರ್ನಿಯಾ ಶಿಕ್ಷಣ ಸಂಹಿತೆಯ 78261.5ನೇ ಸೆಕ್ಷನ್, ಇಂಗ್ಲಿಷ್ ಅಲ್ಲದ ಭಾಷೆ ಬಲ್ಲವರನ್ನೂ ಪರಿಗಣಿಸುತ್ತದೆ, ಅದರ ಪಟ್ಟಿಯಲ್ಲಿ ಭಾರತ ಉಪಖಂಡದ ಭಾಷೆಗಳೂ ಇವೆ. ಅಂದರೆ ಕನ್ನಡಕ್ಕೂ ಪಾಯಿಂಟ್ ಸಿಗುವ ಅವಕಾಶವಿದೆ. ಪುರಾವೆಯಾಗಿ ಏನು ಒಪ್ಪುತ್ತಾರೆಂದು ಕಾಲೇಜಿನ ನರ್ಸಿಂಗ್ ಕೌನ್ಸೆಲರನ್ನು ಮೊದಲೇ ಕೇಳಿ. ಪ್ರಥಮ ಭಾಷೆ ಕನ್ನಡ, 125ಕ್ಕೆ ಇಷ್ಟು ಎಂದು ಬರೆದಿರುವ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಊರಿನಿಂದ ತರಿಸಿ ಇಟ್ಟುಕೊಂಡು ಆ ಪ್ರಶ್ನೆ ಕೇಳುವುದು ಒಳ್ಳೆಯದು. ಇದನ್ನು ಗೊತ್ತಿಲ್ಲದೆ ಬಿಟ್ಟುಕೊಡುವವರನ್ನು ನೆನೆದರೆ ನಿಜಕ್ಕೂ ಸಂಕಟವಾಗುತ್ತದೆ.

ರಿಜಿಸ್ಟ್ರೇಷನ್ ವೇಳೆ ಹೆಸರಿನ ಬಗ್ಗೆ ಎಚ್ಚರ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಹೆಸರೋ ಊರಿನ ಹೆಸರೋ ಸೇರಿರುತ್ತದೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ರೀತಿ. ಎಟಿಐ ಖಾತೆಯ ಹೆಸರು ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿಗೆ ಅಕ್ಷರಕ್ಕೆ ಅಕ್ಷರ ಹೊಂದಲಿ. ಇಲ್ಲದಿದ್ದರೆ ಕೊನೇ ಗಳಿಗೆಯಲ್ಲಿ ಪರೀಕ್ಷೆಗೆ ಕೂರಿಸದೇ ಇರಬಹುದು. ಅಂಕಪಟ್ಟಿಯನ್ನು ಬೇರೆ ಬೇರೆ ಕಾಲೇಜಿಗೆ ಕಳಿಸಲು ಎಟಿಐಗೆ ಪ್ರತ್ಯೇಕ ಶುಲ್ಕ ಕಟ್ಟಬೇಕು, ಕಂಪ್ಯೂಟರ್ ಪರದೆಯ ಪ್ರಿಂಟ್ ತೆಗೆದು ಕೊಟ್ಟರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಅರ್ಜಿಯ ಕೊನೆಯ ದಿನಾಂಕಕ್ಕೆ ಕನಿಷ್ಠ ಎರಡು ವಾರ ಮೊದಲು ಕಳಿಸಿ, ತಲುಪಿತೆಂದು ಕಾಲೇಜಿನಿಂದ ಖಚಿತ ಮಾಡಿಕೊಳ್ಳಿ.