ಎಡ ಬಾಗಿಲಿಗೆ ಕನ್ವರ್ಟರ್, ಬಲ ಬಾಗಿಲಿಗೆ ಗ್ರೈಂಡರ್: ತುಕ್ಕಿನ ಜೊತೆ ಮೂರು ವರ್ಷ

ನನ್ನ ಹಳೇ ಕಾರು, 1967ರ ಬೀಟಲ್‌ನ ಎರಡೂ ಬಾಗಿಲಿನ ಕೆಳ ಅಂಚು ತುಕ್ಕು ಹಿಡಿದಿತ್ತು. ಎಡಗಡೆಯದಕ್ಕೆ ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನೇ ಬೇರೆ ಪದರವಾಗಿ ಬದಲಾಯಿಸುವ ದ್ರವ, ಹಚ್ಚಿದೆ. ಬಲಗಡೆಯದನ್ನು ಬರೀ ತಗಡು ಕಾಣುವವರೆಗೆ ಉಜ್ಜಿದೆ. ಆಮೇಲೆ ಎರಡಕ್ಕೂ ಅದೇ ಎಪಾಕ್ಸಿ ಪ್ರೈಮರ್ (ಬಣ್ಣದ ಅಡಿಗೆ ಹೊಡೆಯುವ ಗಟ್ಟಿ ಪದರ), ಅದೇ ಡಬ್ಬಿಯ ಬಣ್ಣ. ಎಂಟನೇ ತಿಂಗಳಿಗೆ ಎಡ ಬಾಗಿಲಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಬಲ ಬಾಗಿಲು ಮೂರು ವರ್ಷವಾದರೂ ಹಾಗೇ ಇದೆ. ನನ್ನ ಓಟು ಯಾವ ಕಡೆಗೆ ಅಂತ ಇನ್ನು ಬೇರೆ ಹೇಳಬೇಕಿಲ್ಲ, ಅಲ್ವಾ?

ಕನ್ವರ್ಟರ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಟ್ಯಾನಿಕ್ ಆಮ್ಲದ್ದು. ಇದು ತುಕ್ಕನ್ನು ನೀಲಿ ಮಿಶ್ರಿತ ಕಪ್ಪು ಪದರವಾಗಿ ಬದಲಾಯಿಸುತ್ತದೆ. ಹಿಂದಿನ ಕಾಲದ ಕಬ್ಬಿಣದ ಶಾಯಿ ಕಪ್ಪಾಗುತ್ತಿದ್ದದ್ದೂ ಹೆಚ್ಚುಕಡಿಮೆ ಹೀಗೆಯೇ. ಇನ್ನೊಂದು ಫಾಸ್ಫಾರಿಕ್ ಆಮ್ಲದ್ದು, ನೀರಿನ ಹಾಗೆ ತೆಳ್ಳಗಿರುತ್ತದೆ. ನಾನು ತಂದದ್ದು ಈ ಎರಡನೆಯದು. ಹಚ್ಚುವಾಗ ಏನು ಖುಷಿ ಅಂತೀರಿ! ಬ್ರಷ್ ಆಡಿಸಿದಲ್ಲೆಲ್ಲ ಕೆಂಪು ಹೋಗಿ ಬೂದು ಬಣ್ಣ ಬರುತ್ತದೆ. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಬಲ ಬಾಗಿಲಿಗೆ ಯಾಕಪ್ಪಾ ಇಷ್ಟು ಒದ್ದಾಡಬೇಕು ಅಂತ ಆವತ್ತು ನನಗೂ ಅನ್ನಿಸಿತ್ತು.

ತೊಂದರೆ ಇದ್ದದ್ದು ಬಾಗಿಲಿನ ಕೆಳ ಮಡಿಕೆಯಲ್ಲಿ. ಕಾರಿನ ಬಾಗಿಲು ಒಂದೇ ತಗಡಲ್ಲ. ಒಳಗಿನ ಚೌಕಟ್ಟಿನ ಅಂಚನ್ನು ಹೊರ ತಗಡು ತಬ್ಬಿಕೊಂಡ ಹಾಗೆ ಮಡಚಿ ಒತ್ತಿರುತ್ತಾರೆ. ಆ ಎರಡು ತಗಡಿನ ನಡುವೆ ಕೂದಲೆಳೆಯಷ್ಟು ಸಂದು. ತುಕ್ಕು ಶುರುವಾಗುವುದು ಅಲ್ಲಿಂದಲೇ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಸಂಸಾರ ಹೂಡಿ ವರ್ಷಗಳಾಗಿರುತ್ತವೆ. ತೆಳ್ಳಗಿನ ಆಮ್ಲ ಆ ಸಂದಿಗೆ ತಾನಾಗಿಯೇ ಇಳಿಯುತ್ತದೆ. ಬತ್ತಿ ಎಣ್ಣೆ ಹೀರುವ ಹಾಗೆ. ಒಳ್ಳೆಯದೇ ಆಯಿತು, ಒಳಗಿನ ತುಕ್ಕೂ ಸಾಯುತ್ತದೆ ಅಂದುಕೊಂಡೆ.

ಆದರೆ ಡಬ್ಬಿಯ ಮೇಲೆ ಬರೆದಿತ್ತು: ಬಣ್ಣಕ್ಕೆ ಮುಂಚೆ ಉಳಿದ ಆಮ್ಲವನ್ನು ಪೂರ್ತಿ ತೊಳೆಯಬೇಕು. ತೊಳೆದರೆ ಮಡಿಕೆಯೊಳಗೆ ನೀರು ಹೋಗುತ್ತದೆ. ತೊಳೆಯದಿದ್ದರೆ ಆಮ್ಲ ಅಲ್ಲೇ ಕೂರುತ್ತದೆ. ಹಾಗಾದರೂ ಕಷ್ಟ, ಹೀಗಾದರೂ ಕಷ್ಟ. ನಾನು ತೊಳೆದೆ. ಹೀಟ್ ಗನ್ ಹಿಡಿದು ಒಣಗಿಸಿದೆ. ಮುಟ್ಟಿ ನೋಡಿದೆ, ಒಣಗಿತ್ತು. ಒಣಗಿದ್ದು ಹೊರಗಡೆ ಮಾತ್ರ ಅನ್ನುವುದು ಆಗ ಹೊಳೆಯಲಿಲ್ಲ.

ಗುಳ್ಳೆ ಎದ್ದಾಗ ಒಂದನ್ನು ಉಗುರಿನಿಂದ ಕೆರೆದೆ. ಬಣ್ಣ ಮತ್ತು ಪ್ರೈಮರ್ ಎರಡೂ ಸೇರಿ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಪ್ರೈಮರ್‌ನ ಅಡಿಭಾಗ ಇನ್ನೂ ಅಂಟಂಟು. ಕೆಳಗೆ ಬಿಳಿ ಪುಡಿ, ಅದರ ನಡುವೆ ಒಂದು ಸಣ್ಣ ಹನಿ. ನೀಲಿ ಲಿಟ್ಮಸ್ ಕಾಗದದ ತುದಿ ತಾಗಿಸಿದೆ, ಕೆಂಪಾಯಿತು. ಎಂಟು ತಿಂಗಳಾದ ಮೇಲೂ! ಸಾಮಾನ್ಯವಾಗಿ ಎಪಾಕ್ಸಿ ಗಟ್ಟಿಯಾಗುವುದು ಅಮೈನ್ ಅನ್ನುವ ಕ್ಷಾರದ ಗುಣದ ಹಾರ್ಡ್‌ನರ್‌ನಿಂದ. ಉಳಿದ ಆಮ್ಲ ಆ ಹಾರ್ಡ್‌ನರ್‌ನನ್ನೇ ಕೊಲ್ಲುತ್ತದೆ. ಅಂದರೆ ನಾನೇ ಕಾವಲುಗಾರನಿಗೆ ಮಂಪರು ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ್ದೆ.

ಟ್ಯಾನಿಕ್ ಜಾತಿಯದಕ್ಕೆ ಈ ತೊಳೆಯುವ ರಗಳೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಬಯಲು ಜಾಗದಲ್ಲಿ, ಮಡಿಕೆ ಇಲ್ಲದ ಕಡೆ, ಅದನ್ನು ಈಗಲೂ ಬಳಸುತ್ತೇನೆ. ಹೊಳೆಯುವ ತಗಡಿಗೆ ಮಾತ್ರ ಬೇಡ. ಬದಲಾಯಿಸಲು ತುಕ್ಕೇ ಇಲ್ಲದಿದ್ದರೆ ಅದು ಸುಮ್ನೆ ಒಂದು ದುರ್ಬಲ ಪದರವಾಗಿ ಕೂರುತ್ತದೆ, ಅಷ್ಟೇ.

ಇನ್ನು ಬಲ ಬಾಗಿಲು. ಒಂದು ಮಾತು ಒಪ್ಪಿಕೊಳ್ಳಬೇಕು, ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಬಲಗಡೆ ನಾನು ಮಡಿಕೆಯನ್ನೇ ಬಿಚ್ಚಿದ್ದೆ. ಚಪ್ಪಟೆ ಉಳಿ ಮತ್ತು ಇಕ್ಕಳದಲ್ಲಿ ಒಂದು ಗೇಣಿನಷ್ಟು ಉದ್ದ ನಿಧಾನಕ್ಕೆ ಎತ್ತಿದೆ. ಎರಡು ಕಡೆ ಮಡಿಕೆ ಸೀಳಿತು, ವೆಲ್ಡಿಂಗ್ ಮಾಡಬೇಕಾಯಿತು. ಒಟ್ಟು ಮೂರು ವಾರಾಂತ್ಯ ಹೋದವು. ಆದರೆ ಒಳಗೆ ಏನಿದೆ ಅಂತ ಕಣ್ಣಾರೆ ನೋಡಿದೆ. ಅದಕ್ಕೇ ಈ ದಾರಿ ನನಗೆ ಇಷ್ಟ.

ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ ಉಜ್ಜಿದರೆ ತುಕ್ಕು ಹೋದ ಹಾಗೆ ಕಾಣುತ್ತದೆ, ಹೋಗಿರುವುದಿಲ್ಲ. ಗುಳಿಗಳೊಳಗಿನ ತುಕ್ಕಿಗೆ ಪಾಲಿಶ್ ಬಿದ್ದಿರುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವನ್ನು ತೆಗೆಯಲು ನಾನು ಕೈಯಲ್ಲಿ ಹಿಡಿಯುವ ಸಣ್ಣ ಬ್ಲಾಸ್ಟರ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಣ ಚಿಮ್ಮಿಸುವ ಉಪಕರಣ) ಬಳಸಿದೆ, ಅದೂ ಅಂಚಿನಲ್ಲಿ ಮಾತ್ರ. ಬಾಗಿಲಿನ ನಡುಭಾಗದ ಅಗಲ ತಗಡಿಗೆ ಜೋರಾಗಿ ಬ್ಲಾಸ್ಟ್ ಮಾಡಿದರೆ ಅದು ಸೊಟ್ಟಗಾಗುತ್ತದೆ. ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪದ ತಗಡು, ಎಷ್ಟು ತಡೆದುಕೊಂಡೀತು? ಗ್ರೈಂಡರ್‌ಗೆ ಹಾಕುವ ಉಜ್ಜುಕಾಗದದ ಬಿಲ್ಲೆ, ಫ್ಲಾಪ್ ಡಿಸ್ಕ್, ಒತ್ತಿ ಹಿಡಿದರೂ ಇದೇ ಗತಿ, ಜೊತೆಗೆ ತಗಡೂ ಸವೆಯುತ್ತದೆ.

ಉಜ್ಜಿದ ದಿನವೇ ಎಪಾಕ್ಸಿ ಬೀಳಬೇಕು. ತೇವದ ಗಾಳಿಯಲ್ಲಿ ಬರೀ ತಗಡನ್ನು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ತೆಳು ಕಿತ್ತಳೆ ಬಣ್ಣ ಹಿಡಿದಿರುತ್ತದೆ. ಬರಿಗೈಯಲ್ಲಿ ಮುಟ್ಟಲೂ ಬಾರದು. ನನ್ನ ಹೆಬ್ಬೆರಳಿನ ಗುರುತು ಒಂದು ಕಡೆ ಅಚ್ಚೊತ್ತಿದ ಹಾಗೆ ತುಕ್ಕಾಗಿ ಮೂಡಿತ್ತು. ಎಪಾಕ್ಸಿ ಹೊಡೆಯುವಾಗ ಮಾಸ್ಕ್ ಆವಿ ತಡೆಯುವಂಥದ್ದೇ ಇರಲಿ, ಬಟ್ಟೆಯದು ಸಾಲದು. ಪುಟ್ಟಿ ಏನಿದ್ದರೂ ಎಪಾಕ್ಸಿಯ ಮೇಲೆ. ಪುಟ್ಟಿ ನೀರು ಹೀರುತ್ತದೆ.

ಮೂರನೆಯ ಆಯ್ಕೆ ಗಾಳಿಯ ತೇವದಿಂದಲೇ ಗಟ್ಟಿಯಾಗುವ ಪೇಂಟ್. ತುಕ್ಕಿನ ಮೇಲೆಯೇ ಹೊಡೆಯಬಹುದು ಅನ್ನುತ್ತಾರಲ್ಲ, ಅದು. ಬೀಟಲ್‌ನಲ್ಲಿ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಅದರ ಆಮ್ಲ ಚೆಲ್ಲಿ ನೆಲದ ತಗಡು ತಿಂದುಹೋಗುವುದು ಈ ಕಾರಿನ ಹಳೇ ಕಾಯಿಲೆ. ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಉದುರುವ ತುಕ್ಕನ್ನು ಕೆರೆದು, ಅಲ್ಲಿಗೆ ಇದನ್ನು ಹೊಡೆದೆ. ಕಲ್ಲಿನ ಹಾಗೆ ಕೂತಿದೆ. ಸೀಟಿನ ಕೆಳಗಾದ್ದರಿಂದ ಬಿಸಿಲಿನ ಭಯವೂ ಇಲ್ಲ. ಹೊರಗಾದರೆ ಮೇಲೆ ಇನ್ನೊಂದು ಬಣ್ಣ ಬೇಕೇ ಬೇಕು. ನುಣುಪು ತಗಡಿನ ಮೇಲೆ ಇದು ಹಿಡಿಯುವುದಿಲ್ಲ, ಹಾಳೆ ಹಾಳೆಯಾಗಿ ಏಳುತ್ತದೆ. ಡಬ್ಬಿಯ ಅಂಚು ಒರೆಸದೆ ಮುಚ್ಚಳ ಹಾಕಿದರೆ ಆ ಡಬ್ಬಿ ಇನ್ನು ತೆರೆಯುವುದಿಲ್ಲ. ನನ್ನ ಬೆರಳುಗಳು ಒಂದು ವಾರ ಕಪ್ಪಗಿದ್ದವು.

ಹೊಡೆಯುವ ಮೊದಲು ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ ನೋಡಿ. ತೂತು ಬಿದ್ದರೆ ಅಲ್ಲಿಗೆ ಬೇಕಾದ್ದು ಹೊಸ ತಗಡು. ಅದನ್ನು ಪೇಂಟ್‌ನಿಂದ ಮುಚ್ಚಿದರೆ ಮೇಲೆ ಥಳುಕು, ಒಳಗೆ ಹುಳುಕು.

ಎಲೆಕ್ಟ್ರೋಲಿಸಿಸ್ (ನೀರಿನಲ್ಲಿ ಮುಳುಗಿಸಿ ಕರೆಂಟ್ ಹರಿಸಿ ತುಕ್ಕು ಬಿಡಿಸುವುದು) ಕೀಲು, ಬ್ರಾಕೆಟ್‌ಗಳಿಗೆ ಚೆನ್ನ. ಪ್ಲಸ್ ತಂತಿಗೆ ಕಟ್ಟುವ ಆನೋಡ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಹಾಕಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಏಳುವುದರಿಂದ ಗಾಳಿಯಾಡುವ ಜಾಗವೂ ಬೇಕು.

ಮತ್ತೆ ತುಕ್ಕು ಬರದ ಹಾಗೆ ಏನು ಹಚ್ಚಬೇಕು? ಹಿಂದಿನ ಮಾಲೀಕರು ಕಾರಿನ ತಳಕ್ಕೆಲ್ಲ ಡಾಂಬರಿನಂಥ ಕೋಟಿಂಗ್ ಬಳಿಸಿದ್ದರು. ನೋಡಲು ಭದ್ರವಾಗಿತ್ತು. ಕರಣೆಯ ತುದಿ ತಾಗಿಸಿದ್ದೇ ತಡ, ಅಂಗೈ ಅಗಲದ ಚಕ್ಕೆ ಕಳಚಿ ಬಿತ್ತು. ಅದರ ಬೆನ್ನಿಗೆ ಒದ್ದೆ ತುಕ್ಕು ಅಂಟಿತ್ತು. ಈ ಕೋಟಿಂಗ್ ವಯಸ್ಸಾದಂತೆ ಒಣಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಹೋದ ನೀರು ಹೊರಗೆ ಬರುವುದಿಲ್ಲ. ನಾನೀಗ ಬಾಗಿಲಿನ ಒಳಗೆ, ಟೊಳ್ಳು ಜಾಗಗಳಲ್ಲಿ ಕ್ಯಾವಿಟಿ ವ್ಯಾಕ್ಸ್ ಹೊಡೆಯುತ್ತೇನೆ. ಉದ್ದ ನಳಿಕೆ ತೂರಿಸಿ ಹೊಡೆದರೆ ಸಂದುಗೊಂದಿಗೆಲ್ಲ ಹರಿಯುತ್ತದೆ, ಮೆತ್ತಗೇ ಉಳಿಯುತ್ತದೆ. ಕೆಲವು ವಾರ ವಾಸನೆ ಇರುತ್ತದೆ.

ವ್ಯಾಕ್ಸ್ ಹೊಡೆದ ಮೇಲೆ ಬಾಗಿಲಿನ ತಳದ ತೂತುಗಳಿಗೆ ಒಂದು ತಂತಿ ತೂರಿಸಿ ನೋಡಿ. ಕಿಟಕಿ ಗಾಜಿನ ಪಕ್ಕದಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಅದು ಹೊರಗೆ ಹೋಗಲೆಂದೇ ಆ ತೂತುಗಳಿರುವುದು. ಅವು ಮುಚ್ಚಿದರೆ ಯಾವ ಎಪಾಕ್ಸಿಯೂ ಕಾಯುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ಕನ್ವರ್ಟರ್ ಎಷ್ಟೋ ಅಗ್ಗ. ನನ್ನ ಹತ್ತಿರ ಕಂಪ್ರೆಸರ್, ಸ್ಪ್ರೇ ಗನ್ ಮೊದಲೇ ಇದ್ದವು. ಇಲ್ಲದಿದ್ದರೆ ಎಪಾಕ್ಸಿಯ ಖರ್ಚು ನನ್ನ ಕೈಗೂ ಜಾಸ್ತಿಯೇ ಆಗುತ್ತಿತ್ತು. ಜೊತೆಗೆ ನನ್ನದು ವಾರಕ್ಕೊಮ್ಮೆ ಹೊರಗೆ ಬರುವ ಕಾರು, ಬಿಚ್ಚಿಟ್ಟರೂ ಯಾರ ಕೆಲಸವೂ ನಿಲ್ಲುವುದಿಲ್ಲ. ದಿನಾ ಓಡಿಸುವವರು, ಮುಂದಿನ ವರ್ಷ ಹೇಗೂ ಪೂರ್ತಿ ಬಿಚ್ಚುತ್ತೇನೆ ಅನ್ನುವವರು ಟ್ಯಾನಿಕ್ ಕನ್ವರ್ಟರ್ ಹಚ್ಚಿ ಕಾಲ ತಳ್ಳಬಹುದು. ನನಗಂತೂ ಒಂದೇ ಕೆಲಸವನ್ನು ಎರಡು ಸಲ ಮಾಡಲು ಬೇಜಾರು.

ಆದರೂ ಮಾಡುತ್ತಿದ್ದೇನೆ. ಎರಡು ವರ್ಷ ಟಚಪ್ ಮಾಡಿ ಮಾಡಿ ಸಾಕಾಗಿ, ಎಡ ಬಾಗಿಲನ್ನು ಕಳಚಿ ಸ್ಟ್ಯಾಂಡಿನ ಮೇಲಿಟ್ಟಿದ್ದೇನೆ. ನಿನ್ನೆ ಮಡಿಕೆ ಬಿಚ್ಚಿದೆ, ಈ ಸಲ ಸೀಳಿದ್ದು ಒಂದೇ ಕಡೆ.