ನೀರೆತ್ತೋ ಇಂಜಿನ್ನನ್ನ ಯಾವ ಕಾರಣಕ್ಕೂ ಬೇಸ್‌ಮೆಂಟ್ ಒಳಗೆ ಇಳಿಸ್ಬೇಡಿ

ಬೇಸ್‌ಮೆಂಟಿಗೆ ನೀರು ನುಗ್ಗಿದ ತಕ್ಷಣ ಎಲ್ಲರೂ ಮಾಡೋದು ಒಂದೇ, ಯಾರಿಗಾದ್ರೂ ಫೋನ್ ಹಾಕಿ ಪಂಪ್ ತರ್ಸೋದು. ತರ್ಸಿ, ಬೇಡ ಅನ್ನಲ್ಲ. ಆದ್ರೆ ಬರೋದು ಪೆಟ್ರೋಲ್ ಇಲ್ಲಾ ಡೀಸೆಲ್ ಇಂಜಿನ್ ಇರೋ ಪಂಪ್ ಆದ್ರೆ ಅದು ಮೇಲೆ ಬಯಲಲ್ಲೇ ನಿಂತು ಓಡ್ಬೇಕು, ರ‍್ಯಾಂಪಿನ ಅರ್ಧದವರೆಗೂ ಇಳೀಬಾರ್ದು. ನಮ್ಮ ಬಿಲ್ಡಿಂಗಲ್ಲಿ ಇಳಿಸಿದ್ರು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ರಾತ್ರಿಯೆಲ್ಲ ಮಳೆ ಹೊಡ್ದು ಪಾರ್ಕಿಂಗಲ್ಲಿ ಸೊಂಟದ ಮಟ್ಟ ನೀರು ನಿಂತಿತ್ತು. ಬಾಡಿಗೆಗೆ ಪಂಪ್ ಓಡ್ಸೋನೊಬ್ಬ ಬಂದ, ಜೊತೆಗೊಬ್ಬ ಹುಡುಗ. ಅವ್ನ ಸಕ್ಷನ್ ಪೈಪ್ (ನೀರು ಎಳೆಯೋ ಪೈಪ್) ಗಿಡ್ಡ, ಮೇಲಿಂದ ನೀರಿಗೆ ಮುಟ್ಟಲ್ಲ ಅಂತ ಇಂಜಿನ್ನನ್ನೇ ಹೊತ್ಕೊಂಡು ಬಂದು ಮೆಟ್ಟಿಲಿನ ಲ್ಯಾಂಡಿಂಗ್ ಮೇಲೆ ಕೂರ್ಸಿದ. ಕಮಿಟಿಯವರೊಬ್ರು "ಇಲ್ಲಿ ಹೊಗೆ ತುಂಬ್ಕೊಳ್ಳಲ್ವೇನಪ್ಪಾ" ಅಂತ ಕೇಳಿದ್ರು. "ಏನೂ ಆಗಲ್ಲ ಸಾರ್, ವೆಂಟಿಲೇಟರ್ ಇದೆಯಲ್ಲ, ಗೇಟೂ ತೆಗ್ದಿದೆ, ದಿನಾ ಇದೇ ಕೆಲ್ಸ ನಮ್ದು" ಅಂದ. ಕೆಲಸ ಗೊತ್ತಿರೋನು ಹಂಗೆ ಹೇಳಿದ್ಮೇಲೆ ಯಾರು ವಾದ ಮಾಡ್ತಾರೆ ಹೇಳಿ.

ಹುಡುಗ ಕೆಳಗೆ ನೀರಲ್ಲಿ ನಿಂತು ಪೈಪಿನ ತುದಿ ಕೆಸರಿಗೆ ಹೂತ್ಕೊಳ್ಳದ ಹಾಗೆ ಎತ್ತಿ ಹಿಡ್ಕೊಂಡಿದ್ದ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಬಂದು ಕೂತ, "ಅಣ್ಣಾ ತಲೆ ಸಿಡೀತಿದೆ" ಅಂದ. "ಬೆಳಗ್ಗಿಂದ ಏನೂ ತಿಂದಿಲ್ಲ, ಅದಕ್ಕೆ" ಅಂತ ಇವ್ನು ನಕ್ಕ. ಆಮೇಲೆ ಹುಡುಗ ವಾಂತಿ ಮಾಡ್ಕೊಂಡ, ಏಳಕ್ಕೆ ಹೋದ್ರೆ ಕಾಲು ನಿಲ್ತಾನೇ ಇಲ್ಲ, ಎರಡೂ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳ್ಕೊಂಡು ಬಂದ್ವಿ. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಮಲಗ್ಸಿದ್ರು, ಕಾರ್ಬನ್ ಮೊನಾಕ್ಸೈಡ್ ಅಂದ್ರು. ಹುಡುಗ ಉಳ್ಕೊಂಡ. ಅವತ್ತು ಕೆಳಗೆ ಹೋಗಿ ಬಂದಿದ್ದ ನಮ್ಮ ವಾಚ್‌ಮನ್ನಿಗೂ ಸಂಜೆವರೆಗೆ ತಲೆನೋವು.

ಈ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಣ್ಣಿಗೆ ಕಾಣೋ ಹೊಗೆ ಹೋಯ್ತಲ್ಲ ಅಂತ ನಾವು ಸುಮ್ನಾಗ್ತೀವಿ, ಇದು ಅಲ್ಲೇ ಇರುತ್ತೆ. ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಅದಕ್ಕೇ ಉಸಿರಾಡ್ತಾ ಇದ್ರೂ ಮೈಗೆ ಆಕ್ಸಿಜನ್ ಸಿಗಲ್ಲ. ಬಾಗಿಲು ಕಿಟಕಿ ತೆಗೆದಿಟ್ರೆ ಸಾಕು ಅನ್ನೋದು ಶುದ್ಧ ಸುಳ್ಳು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರು ಇಂಥ ಇಂಜಿನ್ ಬಾಗಿಲು, ಕಿಟಕಿ, ವೆಂಟಿಲೇಟರಿಂದ ಕನಿಷ್ಠ 20 ಅಡಿ ದೂರ ಇರ್ಲಿ ಅಂತಾರೆ, ಸೈಲೆನ್ಸರ್ ಮುಖಾನೂ ಕಟ್ಟಡದಿಂದ ಆಚೆಗೆ ತಿರುಗ್ಸಿಡಿ. ಕೆಳಗೆ ಯಾರಿಗಾದ್ರೂ ತಲೆ ತಿರುಗ್ತಿದೆ ಅಂದ್ರೆ ಮೊದ್ಲು ಎಲ್ಲರೂ ಹೊರಗೆ ಬನ್ನಿ. ಇಂಜಿನ್ ಆಫ್ ಮಾಡಿ ಬರ್ತೀನಿ ಅಂತ ಇನ್ನೊಬ್ಬ ಒಳಗೆ ಓಡೋದು ಬೇಡವೇ ಬೇಡ, ಪೆಟ್ರೋಲ್ ಮುಗಿದ್ರೆ ಅದೇ ನಿಲ್ಲುತ್ತೆ. ಜನರೇಟರಿಗೂ ಇದೇ ಮಾತು, ಅದೂ ಇಂಜಿನ್ನೇ ತಾನೆ.

ಬೇಜಾರಿನ ಸಂಗತಿ ಅಂದ್ರೆ ಇದೆಲ್ಲ ಬೇಕೇ ಇರ್ಲಿಲ್ಲ. ನೀರಿನ ಮಟ್ಟದಿಂದ ಪಂಪ್ ಇರೋ ಜಾಗಕ್ಕೆ ನೆಟ್ಟಗೆ 7 ಮೀಟರ್ ಹತ್ರದ ಎತ್ತರ ಒಳ್ಳೇ ಪಂಪ್ ಎಳೆಯುತ್ತೆ (ಲೆಕ್ಕದ ಪ್ರಕಾರ ಸಮುದ್ರ ಮಟ್ಟದಲ್ಲಿ 10.3 ಮೀಟರ್, ಆದ್ರೆ ಯಾವ ಪಂಪೂ ಅಲ್ಲಿವರೆಗೆ ಬರಲ್ಲ). ಒಂದೇ ಅಂತಸ್ತಿನ ಬೇಸ್‌ಮೆಂಟಿಗೆ ಇದು ಧಾರಾಳವಾಗಿ ಸಾಕು, ಒಳಗೆ ತಂತಿ ಸುತ್ತಿರೋ ಗಟ್ಟಿ ಸಕ್ಷನ್ ಪೈಪ್ ಉದ್ದ ಇದ್ದಿದ್ರೆ ಇಂಜಿನ್ ಮೇಲೇ ನಿಲ್ತಿತ್ತು. ಮೆತ್ತಗಿನ ಪೈಪ್ ಹಾಕಿದ್ರೆ ಎಳೆಯೋವಾಗ ಚಪ್ಪಟೆ ಆಗಿ ಕೂರುತ್ತೆ, ಅದು ಡೆಲಿವರಿ ಕಡೆಗೆ, ಅಂದ್ರೆ ನೀರು ಹೊರಗೆ ಹಾಕೋ ಕಡೆಗೆ ಮಾತ್ರ. ಇನ್ನೂ ಆಳ ಇದ್ರೆ ನೀರಲ್ಲಿ ಮುಳುಗೋ ಕರೆಂಟ್ ಪಂಪೇ ಸರಿ. ಆದ್ರೆ ಅದಕ್ಕೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಲೈನ್ ಕಡಿಯೋ ಸ್ವಿಚ್) ಇರ್ಲೇಬೇಕು, ವೈರಿನ ಜಾಯಿಂಟ್ ನೀರಿಗೆ ಬೀಳ್ಬಾರ್ದು, ಇಳಿಸೋದು ಹಗ್ಗ ಕಟ್ಟಿ, ವೈರ್ ಹಿಡ್ದು ಅಲ್ಲ, ಮತ್ತೆ ಅದು ಓಡೋವಾಗ ಯಾರೂ ಆ ನೀರಲ್ಲಿ ಇರ್ಬಾರ್ದು. ಬೇಸ್‌ಮೆಂಟಿನ ಕರೆಂಟ್ ಲೈನ್ ಆಫ್ ಆಗಿದೆಯಾ ಅಂತ ಖಾತ್ರಿ ಆಗೋವರೆಗೆ ಯಾವ ಪಂಪೇ ಆಗ್ಲಿ, ನೀರಿಗೆ ಕಾಲೇ ಇಡ್ಬೇಡಿ.

ಇನ್ನು ಆ ಮಿಷಿನ್ ಕಥೆ. ಇಂಜಿನ್ ಜೋರಾಗಿ ಕಿರುಚ್ತಿತ್ತು, ಡೆಲಿವರಿ ಪೈಪಿನಲ್ಲಿ ಬರೀ ಬುಸುಬುಸು ಗಾಳಿ. ಸಕ್ಷನ್ ಪೈಪ್ ಪಂಪಿಗೆ ಸೇರೋ ಕಪ್ಲಿಂಗ್ ತೆಗ್ದು ನೋಡಿದ್ರೆ ರಬ್ಬರ್ ವಾಷರ್ರೇ ಇಲ್ಲ, ಬದ್ಲಿಗೆ ಪ್ಲಾಸ್ಟಿಕ್ ಕವರ್ ಹರಿದು ಸುತ್ತಿದ್ದಾನೆ ಪುಣ್ಯಾತ್ಮ. ಪಂಪಿನ ಕೇಸಿಂಗಿಗೆ (ಹೊರಗಿನ ಗೂಡಿಗೆ) ನೀರೂ ತುಂಬಿರ್ಲಿಲ್ಲ, ಸೆಲ್ಫ್ ಪ್ರೈಮಿಂಗ್ ಸಾರ್ ತಾನೇ ಎಳ್ಕೊಳ್ಳುತ್ತೆ ಅಂತಾನೆ. ಸೆಲ್ಫ್ ಪ್ರೈಮಿಂಗ್ ಆದ್ರೂ ಸ್ಟಾರ್ಟ್ ಮಾಡೋ ಮುಂಚೆ ಕೇಸಿಂಗ್ ತುಂಬ ನೀರು ಇರ್ಬೇಕು, ಪೈಪಿನಲ್ಲಿರೋ ಗಾಳೀನ ಅದು ಆ ನೀರಿನ ಸಹಾಯದಿಂದ್ಲೇ ಹೊರಗೆ ಹಾಕೋದು. ಒಳಗೆ ಮೆಕ್ಯಾನಿಕಲ್ ಸೀಲ್ ಅಂತ ಇರುತ್ತೆ, ನುಣ್ಣಗಿನ ಎರಡು ಮುಖ ಒಂದಕ್ಕೊಂದು ಉಜ್ಕೊಂಡು ತಿರುಗುತ್ತೆ, ಅದನ್ನ ತಣ್ಣಗಿಡೋದೂ ಅದೇ ನೀರು. ಒಣಗಿದ್ದಾಗ ಓಡ್ಸಿದ್ರೆ ಬಿಸಿಗೆ ಬೇಗ ಸುಟ್ಟು ಬಿರುಕು ಬಿಡುತ್ತೆ. ಇಂಜಿನ್ನೂ ಪಂಪೂ ಸೇರೋ ಜಾಗದಲ್ಲಿ ನೀರು ತೊಟ್ಟಿಕ್ತಿದೆ ಅಂದ್ರೆ ಸೀಲ್ ಹೋಗಿದೆ ಅಂತ ಲೆಕ್ಕ, ಅವ್ನ ಮಿಷಿನ್ನಲ್ಲಿ ತೊಟ್ಟಿಕ್ತಾನೇ ಇತ್ತು.

ವಾಷರ್ ಹಾಕಿ ನೀರು ತುಂಬಿ ಓಡ್ಸಿದ್ಮೇಲೂ ಮತ್ತೆ ನಿಂತೋಯ್ತು. ಕೇಸಿಂಗ್ ಬಿಚ್ಚಿದಾಗ ಇಂಪೆಲರಿಗೆ (ಒಳಗೆ ತಿರುಗಿ ನೀರು ತಳ್ಳೋ ಚಕ್ರಕ್ಕೆ) ಚಪ್ಪಲಿ ಪಟ್ಟಿ, ಕೂದ್ಲು, ಎಲೆ ಎಲ್ಲ ಸೇರಿ ಜಡೆ ಹಾಕ್ದಂಗೆ ಸುತ್ಕೊಂಡಿತ್ತು. ಪೈಪಿನ ತುದಿಗೆ ಜಾಲರಿ ಇರ್ಲಿಲ್ಲ, ಮತ್ತೆ ಅದು ತಿಳಿ ನೀರಿನ ಪಂಪ್. ಕಸ ಕೆಸರಿನ ನೀರಿಗೆ ಟ್ರ್ಯಾಶ್ ಪಂಪ್ ಅಂತಾನೇ ಬೇರೆ ಬರುತ್ತೆ, ಕೇಳಿ ತರ್ಸಿ. (ಬಿಚ್ಚೋ ಮುಂಚೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡಿ, ಬೆರಳು ಉಳ್ಯುತ್ತೆ.)

ಇನ್ನೊಂದು, ಇದು ಅವ್ನಿಗೆ ಗೊತ್ತೇ ಇರ್ಲಿಲ್ಲ. ಇವತ್ತೇ ಪೂರ್ತಿ ಖಾಲಿ ಮಾಡ್ಕೊಡ್ತೀನಿ ಅಂತಿದ್ದ, ನಮ್ಮಲ್ಲಿ ರಿಟೈರ್ ಆದ ಸಿವಿಲ್ ಇಂಜಿನಿಯರ್ ಒಬ್ರಿದ್ದಾರೆ, ಅವ್ರು ತಡೆದ್ರು. ಹೊರಗಿನ ಮಣ್ಣು ನೀರು ಕುಡ್ದು ಗೋಡೆ ಮೇಲೆ ಒತ್ತುತ್ತಿರುತ್ತೆ, ಒಂದು ಮೀಟರ್ ಆಳದಲ್ಲಿ ಬರೀ ನೀರಿನ ಒತ್ತಡಾನೇ ಚದರ ಮೀಟರಿಗೆ ಸುಮಾರು ಒಂದು ಟನ್. ಒಳಗಿನ ನೀರು ಅದನ್ನ ತಡ್ಕೊಂಡು ನಿಂತಿರುತ್ತೆ, ಅದನ್ನ ಏಕ್‌ದಂ ತೆಗೆದ್ರೆ ಗೋಡೆ ಒಳಕ್ಕೆ ಬರ್ಬಹುದು, ನೆಲ ಉಬ್ಬಬಹುದು. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದವರ ಸಲಹೆ ಏನಂದ್ರೆ ಹೊರಗಿನ ನೀರು ಇಳಿದ್ಮೇಲೆ ಮೊದ್ಲು ಒಂದಡಿ ತೆಗೀರಿ, ಗೋಡೆಗೆ ಗುರುತು ಹಾಕಿ, ರಾತ್ರಿ ಬಿಡಿ, ಬೆಳಿಗ್ಗೆ ನೀರು ಗುರುತು ದಾಟಿ ಮೇಲೆ ಬಂದಿದ್ರೆ ಇನ್ನೂ ಟೈಮ್ ಆಗಿಲ್ಲ ಅಂತ. ನಾವು ಹಂಗೇ ಮಾಡಿದ್ವಿ, ಬೇರೆಯವರ ಪಂಪ್ ತರ್ಸಿ.

ಸ್ವಂತ ಪಂಪ್ ಇಟ್ಕೊಂಡಿರೋರಿಗೆ: ಕೆಲಸ ಮುಗಿದ ಮೇಲೆ ಒಳ್ಳೇ ನೀರು ಓಡ್ಸಿ ತೊಳ್ದು ಕೇಸಿಂಗ್ ಖಾಲಿ ಮಾಡಿ, ಇಲ್ಲಾಂದ್ರೆ ಕೆಸರು ಒಣಗಿ ಇಂಪೆಲರ್ ಜಾಮ್. ತಿಂಗಳುಗಟ್ಲೆ ಇಡೋದಾದ್ರೆ ಕಾರ್ಬೊರೇಟರ್ ಪೆಟ್ರೋಲ್ ಇಳಿಸ್ಬಿಡಿ, ಅದು ಅಂಟಾಗಿ ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತು) ಮುಚ್ಕೊಂಡ್ರೆ ಮುಂದಿನ ಮಳೇಲಿ ಹಗ್ಗ ಎಳ್ದೂ ಎಳ್ದೂ ಭುಜ ಹೋಗುತ್ತೆ. ಇಂಜಿನ್ ಆಯಿಲ್ ಸಮತಟ್ಟು ಜಾಗದಲ್ಲಿಟ್ಟು ನೋಡಿ. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹಾಕ್ಬೇಡಿ.

ಬಾಡಿಗೆಗೆ ತರ್ಸೋರು ಸ್ಟಾರ್ಟ್ ಮಾಡೋ ಮುಂಚೆ ಮಿಷಿನ್ ಸುತ್ತ ಒಂದು ವಿಡಿಯೋ ಮಾಡ್ಕೊಳ್ಳಿ, ವಾಷರ್, ಜಾಲರಿ, ಸೀಲಿನ ಜಾಗ ಎಲ್ಲ ಕಾಣೋ ಹಾಗೆ. ಯಾಕಂದ್ರೆ ಹುಡುಗನ್ನ ಆಸ್ಪತ್ರೇಲಿ ಬಿಟ್ಟು ಬಂದ ಆ ಮನುಷ್ಯ ನಮಗೆ ಕೊಟ್ಟ ಬಿಲ್ಲಲ್ಲಿ ಸೀಲ್ ಸುಟ್ಟಿದ್ದಕ್ಕೂ ದುಡ್ಡು ಹಾಕಿದ್ದ.