ಪ್ವೆರ್ಟೊ ವಯಾರ್ಟಕ್ಕೆ ಮೊದಲ ಸಲ ಹೋಗುವವರೇ, ಏರ್‌ಪೋರ್ಟಿನ ಆ ಹಾಲ್‌ನಲ್ಲಿ ಯಾರ ಹತ್ತಿರವೂ ನಿಲ್ಲಬೇಡಿ

ಈ ಚಳಿಗಾಲದ ರಜೆಗೆ ಮೆಕ್ಸಿಕೋ ಬೀಚಿಗೆ ಹೋಗೋಣ ಅಂತ ಟಿಕೆಟ್ ನೋಡುತ್ತಿರುವ ನಮ್ಮವರು ಬಹಳ ಜನ ಇದ್ದೀರಿ. ಅದರಲ್ಲೂ ಪ್ವೆರ್ಟೊ ವಯಾರ್ಟಕ್ಕೆ ಹೊರಟಿದ್ದರೆ, ಯಾವ ಹೋಟೆಲು, ಯಾವ ಬೀಚು ಅಂತ ಹುಡುಕುವ ಮೊದಲು ದಯವಿಟ್ಟು ಇದನ್ನು ಓದಿ. ಅಲ್ಲಿ ವಿಮಾನ ಇಳಿದು ಕಸ್ಟಮ್ಸ್ ದಾಟಿದ ಮೇಲೆ, ಹೊರಬಾಗಿಲಿಗೆ ಹೋಗುವ ದಾರಿಯಲ್ಲಿ ಒಂದು ಹಾಲ್ ಸಿಗುತ್ತದೆ. ಆಗಾಗ ಹೋಗಿಬರುವ ಅಮೆರಿಕದವರು ಅದನ್ನು 'ಶಾರ್ಕ್ ಟ್ಯಾಂಕ್' ಅನ್ನುತ್ತಾರೆ. ಅಲ್ಲಿ ನಿಂತಿರುವವರು ಟೈಮ್‌ಶೇರ್ ಮಾರುವವರು, ಅಂದರೆ ವರ್ಷಕ್ಕೆ ಇಷ್ಟು ವಾರ ರಿಸಾರ್ಟಿನಲ್ಲಿ ಉಳಿದುಕೊಳ್ಳುವ ಸದಸ್ಯತ್ವ ಮಾರುವವರು. ನಮ್ಮ ಪ್ರವಾಸ ಕೆಟ್ಟಿದ್ದು ಅಲ್ಲಿಂದಲೇ.

ನಾನು, ನನ್ನ ಗಂಡ, ಮಗಳು, ಜೊತೆಗೆ ಊರಿಂದ ಬಂದಿದ್ದ ಅತ್ತೆ ಮಾವ. ಹ್ಯೂಸ್ಟನ್‌ನಿಂದ ಹೆಚ್ಚುಕಡಿಮೆ ಮೂರು ಗಂಟೆಯ ವಿಮಾನ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಭಾರತದ ಪಾಸ್‌ಪೋರ್ಟಿನವರು ಮೆಕ್ಸಿಕೋಗೆ ಬೇರೆ ವೀಸಾ ತೆಗೆದುಕೊಳ್ಳಬೇಕಾಗಿಲ್ಲ, ಹಾಗಾಗಿ ಅತ್ತೆ ಮಾವನ ಪ್ರವಾಸಿ ವೀಸಾ ಸಾಕಾಯಿತು. (ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪ್ ಅವಧಿ ಮುಗಿದು ಬರೀ ಐ-797 ಅನ್ನುವ ಅನುಮೋದನೆ ಕಾಗದದ ಮೇಲೆ ಅಮೆರಿಕದಲ್ಲಿರುವ ಎಚ್-1ಬಿಯವರಿಗೆ ಈ ವಿನಾಯಿತಿ ಇಲ್ಲ. ಮೆಕ್ಸಿಕೋ ಕಾನ್ಸುಲೇಟಿನಿಂದ ವೀಸಾ ಮಾಡಿಸಿಕೊಂಡೇ ಹೋಗಬೇಕು. ಗುಂಪಿನಲ್ಲಿ ಅಂಥವರು ಒಬ್ಬರಿದ್ದರೂ ಮೊದಲೇ ವಿಚಾರಿಸಿಕೊಳ್ಳಿ.)

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದಾಗ ಆಟೋದವರು ಮುತ್ತಿಕೊಳ್ಳುವುದು ನಮಗೇನು ಹೊಸದಲ್ಲ. ಆದರೆ ಅವರು ಆಟೋದವರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಗುರುತಿನ ಕಾರ್ಡು, ಕೈಯಲ್ಲಿ ಹೆಸರುಗಳ ಪಟ್ಟಿ, ಮುಂದೆ ಕೌಂಟರು. "ಯಾವ ಹೋಟೆಲ್ ಸರ್? ನಿಮ್ಮ ಗಾಡಿ ಈ ಕಡೆ" ಅಂತ ಅವರೇ ದಾರಿ ತೋರಿಸುತ್ತಾರೆ. ಮಾವ ನನ್ನ ಕಿವಿಯಲ್ಲಿ, "ಏನಮ್ಮಾ, ಇವರು ಗೌರ್ಮೆಂಟಿನವರಾ?" ಅಂತ ಕೇಳಿದರು. ಯಾರಿಗಾದರೂ ಹಾಗೇ ಅನ್ನಿಸಬೇಕು, ಅದಕ್ಕೇ ಆ ವೇಷ. ಹೋಟೆಲಿನ ಹೆಸರು ಹೇಳಿದ ಮೇಲೆ ಒಬ್ಬಾತ ಫೋನಿನಲ್ಲಿ ಮಾತಾಡಿದಂತೆ ಮಾಡಿ, ನಮ್ಮ ಗಾಡಿ ತಡವಾಗುತ್ತದೆ, ತಾನೇ ಟ್ಯಾಕ್ಸಿ ಮಾಡಿಕೊಡುತ್ತೇನೆ, ದುಡ್ಡು ಬೇಡ ಅಂದ. ನಮ್ಮ ಗಾಡಿ ಹೊರಗೆ ಬಂದು ನಿಂತಿತ್ತು ಅನ್ನೋದು ಮರುದಿನ ಹೋಟೆಲಿನವರು ಹೇಳಿದಾಗ ತಿಳಿಯಿತು.

ಬಿಟ್ಟಿ ಟ್ಯಾಕ್ಸಿಯ ಜೊತೆಗೆ ಇನ್ನೊಂದು ಆಸೆ ತೋರಿಸಿದರು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿನ ಬಾಂದೆರಾಸ್ ಕೊಲ್ಲಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ, ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಮಗಳು ಮನೆಯಿಂದ ಹೊರಟಾಗಿನಿಂದ ಅದೇ ಜಪ. ಆ ಟಿಕೆಟ್ಟನ್ನೂ ಪುಕ್ಕಟೆ ಕೊಡುತ್ತೇವೆ, ನಾಳೆ ಬೆಳಿಗ್ಗೆ ನಮ್ಮ ರಿಸಾರ್ಟಿಗೆ ತಿಂಡಿಗೆ ಬನ್ನಿ, ತೊಂಬತ್ತು ನಿಮಿಷ ಅಷ್ಟೇ ಅಂದರು. ಗಂಡ ಹೆಂಡತಿ ಇಬ್ಬರೂ ಬರಬೇಕು, ಕ್ರೆಡಿಟ್ ಕಾರ್ಡ್ ಜೊತೆಗಿರಬೇಕು. ಬರುವ ಖಾತರಿಗೆ ಒಂದಿಷ್ಟು ಡಾಲರ್ ಠೇವಣಿ, ತಿಂಡಿ ಆದಮೇಲೆ ವಾಪಸ್.

ಆ ತೊಂಬತ್ತು ನಿಮಿಷ ಮುಗಿದಾಗ ಮಧ್ಯಾಹ್ನ ಮೂರಾಗಿತ್ತು.

ಬೆಳಿಗ್ಗೆ ಹೋದ ತಕ್ಷಣ ಅತ್ತೆ ಮಾವನನ್ನು ಲಾಬಿಯಲ್ಲಿ ಕೂರಿಸಿ, ನಮ್ಮಿಬ್ಬರನ್ನು ಮಗುವಿನ ಜೊತೆ ಒಳಗೆ ಕರೆದುಕೊಂಡು ಹೋದರು. ಮೊದಲ ಒಂದು ಗಂಟೆ ವ್ಯಾಪಾರದ ಮಾತೇ ಇಲ್ಲ. ನಮ್ಮ ಊರು ಯಾವುದು, ಮಗಳಿಗೆ ಏನಿಷ್ಟ, ವರ್ಷಕ್ಕೆ ರಜೆಗೆ ಎಷ್ಟು ಖರ್ಚು ಮಾಡುತ್ತೀರಿ, ಹೀಗೆ ಕೇಳಿ ಕೇಳಿ ಬರೆದುಕೊಂಡರು. ಆಮೇಲೆ ದೊಡ್ಡ ರೂಮುಗಳನ್ನು ತೋರಿಸಿದರು. ಆಮೇಲೆ ನೂರಾರು ಜನ ಕೂರುವ ಒಂದು ಹಾಲ್, ಪ್ರತಿ ಮೇಜಿಗೂ ಒಂದು ಜೋಡಿ, ಒಬ್ಬ ಮಾರಾಟದವನು. ಯಾವುದೋ ಮೇಜಿನಲ್ಲಿ ಸಹಿಯಾದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಲವತ್ತು ಸಾವಿರ ಡಾಲರಿಂದ ಶುರುವಾದ ಬೆಲೆ, ನಾವು ಬೇಡ ಅಂದಷ್ಟು ಸಲವೂ ಇಳಿಯಿತು. ಒಬ್ಬ ಸೋತರೆ ಮ್ಯಾನೇಜರ್, ಅವನು ಸೋತರೆ ಅವನ ಮೇಲಿನವನು. ಪ್ರತಿಯೊಬ್ಬನದೂ ಒಂದೇ ಮಾತು: ಈ ರೇಟು ಇವತ್ತು ಮಾತ್ರ, ಬಾಗಿಲು ದಾಟಿದರೆ ಇಲ್ಲ.

ಎದ್ದು ಬರಬಹುದಿತ್ತಲ್ಲ ಅಂತ ಕೇಳುವವರಿಗೆ ಹೇಳುತ್ತೇನೆ. ರಿಸಾರ್ಟು ಇರುವುದು ಊರಾಚೆ. ಕೊನೆಯ ಮೇಜಿನವನು ಕಾಗದಕ್ಕೆ ಸೀಲು ಒತ್ತಿದ ಮೇಲೆ ಮಾತ್ರ ಠೇವಣಿ, ತಿಮಿಂಗಿಲದ ಟಿಕೆಟ್ಟು, ವಾಪಸ್ ಹೋಗುವ ಟ್ಯಾಕ್ಸಿ ಎಲ್ಲ. ಆ ಸೀಲು ಒತ್ತುವವನೇ ಸಿಗುವುದಿಲ್ಲ. ಮಗಳು ನನ್ನ ತೊಡೆ ಮೇಲೆ ನಿದ್ದೆಹೋಗಿದ್ದಳು. ಹೊರಗೆ ಅತ್ತೆ ಊಟದ ನಂತರದ ಮಾತ್ರೆ ಇಟ್ಟುಕೊಂಡು ಬರೀ ಹಣ್ಣು ತಿಂದು ಕೂತಿದ್ದರು, ಏಕೆಂದರೆ ಅವರ ಬಫೆಯಲ್ಲಿ ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿದ್ದರು, ಅರೆದ ಬೀನ್ಸ್ ಕಾಳಿಗೆ ಹಂದಿ ಕೊಬ್ಬು ಹಾಕಿದ್ದರು. (ಸಸ್ಯಾಹಾರಿಗಳು ಇದನ್ನು ನೆನಪಿಡಿ. ಮೆಕ್ಸಿಕೋದಲ್ಲಿ ನೋಡಲು ಬರೀ ಅನ್ನ, ಬರೀ ಕಾಳು ಅನ್ನಿಸಿದರೂ ಒಳಗೆ ಇವೆರಡು ಇರಬಹುದು. 'ಸಿನ್ ಮಾಂತೇಕಾ' ಅಂದರೆ ಕೊಬ್ಬು ಹಾಕದ್ದು, 'ಸಿನ್ ಕಾಲ್ದೊ ದೆ ಪೊಯೊ' ಅಂದರೆ ಕೋಳಿ ಸಾರು ಹಾಕದ್ದು. ಕೇಳಿಯೇ ತಿನ್ನಿ.) ಮನುಷ್ಯರನ್ನು ಹಸಿವಿನಲ್ಲಿ, ಸುಸ್ತಿನಲ್ಲಿ ಕೂರಿಸಿ ಸಹಿ ಹಾಕಿಸಿಕೊಳ್ಳುವುದು ಅವರ ಪದ್ಧತಿ. ನಮ್ಮಿಂದಲೂ ಹಾಕಿಸಿಕೊಂಡರು. ಕಾರ್ಡಿನಿಂದ ಮುಂಗಡ ಎಳೆದರು.

ಅವರು ಬಾಯಲ್ಲಿ ಹೇಳಿದ್ದರಲ್ಲಿ ಎಷ್ಟು ಸುಳ್ಳಿತ್ತು ಅನ್ನೋದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇದೇ ಮಾತುಗಳನ್ನು ನಿಮಗೂ ಹೇಳುತ್ತಾರೆ. "ಮೆಕ್ಸಿಕೋ ಕಡಲ ತೀರದಲ್ಲಿ ನಿಮ್ಮದೇ ಸ್ವಂತ ಮನೆ" ಅಂದರು. ಮೆಕ್ಸಿಕೋ ಸಂವಿಧಾನದ 27ನೇ ವಿಧಿಯ ಪ್ರಕಾರ ಸಮುದ್ರ ತೀರದಿಂದ 50 ಕಿಲೋಮೀಟರ್ ಒಳಗೆ ವಿದೇಶಿಯರು ನೇರವಾಗಿ ಜಮೀನಿನ ಒಡೆಯರಾಗುವಂತಿಲ್ಲ, ಬ್ಯಾಂಕಿನ ಟ್ರಸ್ಟ್ ಮೂಲಕವೇ ಆಗಬೇಕು. ನಮ್ಮ ಕೈಗೆ ಬಂದಿದ್ದು ಮನೆಯೂ ಅಲ್ಲ, ಟ್ರಸ್ಟೂ ಅಲ್ಲ. ಇಷ್ಟು ವರ್ಷ, ವರ್ಷಕ್ಕೆ ಇಷ್ಟು ವಾರ, ರೂಮು ಖಾಲಿಯಿದ್ದರೆ ಉಳಿದುಕೊಳ್ಳಬಹುದು ಅನ್ನುವ ಸದಸ್ಯತ್ವ, ಅದರ ಮೇಲೆ ಪ್ರತಿ ವರ್ಷ ನಿರ್ವಹಣಾ ಶುಲ್ಕ. "ಪ್ರೈವೇಟ್ ಬೀಚ್" ಅಂದರು. ಮೆಕ್ಸಿಕೋದ ಬೀಚುಗಳೆಲ್ಲ ದೇಶದ ಸ್ವತ್ತು, ಯಾವ ರಿಸಾರ್ಟಿಗೂ ಸಮುದ್ರ ತೀರ ಸ್ವಂತದ್ದಲ್ಲ. ಬೇಡವಾದರೆ ನಾವೇ ವಾಪಸ್ ಕೊಳ್ಳುತ್ತೇವೆ, ನಿಮ್ಮ ವಾರಗಳನ್ನು ಬಾಡಿಗೆಗೆ ಕೊಟ್ಟು ದುಡ್ಡು ಮಾಡಿಕೊಡುತ್ತೇವೆ ಅಂದಿದ್ದು ಒಪ್ಪಂದದಲ್ಲಿ ಎಲ್ಲೂ ಇಲ್ಲ. ಬದಲಿಗೆ, ಮಾರಾಟದವರು ಬಾಯಿಮಾತಿನ ಯಾವ ಭರವಸೆಯನ್ನೂ ಕೊಟ್ಟಿಲ್ಲ ಅನ್ನುವ ಹಾಳೆ ಇತ್ತು, ಪ್ರತಿ ಸಾಲಿನ ಪಕ್ಕ ನಮ್ಮ ಚಿಕ್ಕ ಸಹಿ ಹಾಕಿಸಿಕೊಂಡಿದ್ದರು.

ಇದನ್ನೆಲ್ಲ ಕಂಡುಹಿಡಿದವರು ಮಾವ. ಬ್ಯಾಂಕಿನಲ್ಲಿ ಸಾಲದ ಕಾಗದ ನೋಡಿ ನೋಡಿ ನಿವೃತ್ತರಾದವರು. ರಾತ್ರಿ ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು, ಬಾಲ್ಕನಿ ದೀಪದ ಕೆಳಗೆ ಕೂತು, ಒಂದೊಂದು ಹಾಳೆಯನ್ನೂ ಬೆರಳಿಟ್ಟು ಓದಿದರು. ಕೊನೆಗೆ ಗಂಡನನ್ನು ಕರೆದು, "ಬಾರೋ ಇಲ್ಲಿ, ಐದು ದಿನದೊಳಗೆ ಬೇಡ ಅನ್ನಬಹುದು ಅಂತ ಇದೆ ನೋಡು" ಅಂದರು.

ಇದು ಮೆಕ್ಸಿಕೋದ ಕಾನೂನು. ಟೈಮ್‌ಶೇರ್ ವ್ಯವಹಾರಕ್ಕೆಂದೇ ಅಲ್ಲಿ ನೋಮ್-029 ಅನ್ನುವ ನಿಯಮಾವಳಿ ಇದೆ. ಸಹಿ ಹಾಕಿದ ಮೇಲೆ ಐದು ಕೆಲಸದ ದಿನಗಳ ಒಳಗೆ, ಕಾರಣ ಕೊಡದೆ, ದಂಡ ಕಟ್ಟದೆ ರದ್ದು ಮಾಡಬಹುದು. 'ರದ್ದು ಮಾಡಲಾಗದು' ಅಂತ ಮಾರಾಟದವನು ಎಷ್ಟೇ ಹೇಳಲಿ, ನಿಮ್ಮಿಂದ ಏನೇ ಬರೆಸಿಕೊಂಡಿರಲಿ, ಹೆದರಬೇಡಿ. ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪ್ರೊಫೆಕೊ, ಗ್ರಾಹಕರ ಪರವಾಗಿ ನಿಲ್ಲುವ ಫೆಡರಲ್ ಕಚೇರಿ. ಟೈಮ್‌ಶೇರ್ ಒಪ್ಪಂದದ ನಮೂನೆ ಅಲ್ಲಿ ನೋಂದಣಿಯಾಗಿರಬೇಕು.

ರದ್ದು ಮಾಡುವಾಗ ಅವಸರ ಬೇಕು, ಕಾಗದ ಸರಿಯಾಗಿರಬೇಕು. ನಾವು ಒಂದೇ ಪುಟದ ಪತ್ರ ಬರೆದೆವು: ಒಪ್ಪಂದದ ಸಂಖ್ಯೆ, ಸಹಿಯಾದ ದಿನಾಂಕ, ರದ್ದು ಮಾಡುತ್ತಿದ್ದೇವೆ ಅನ್ನುವ ಒಂದು ವಾಕ್ಯ, ಕಾರ್ಡಿನಿಂದ ತೆಗೆದ ಹಣ ಪೂರ್ತಿ ವಾಪಸ್ ಮಾಡಿ ಅನ್ನುವ ಇನ್ನೊಂದು ವಾಕ್ಯ. ಒಪ್ಪಂದಕ್ಕೆ ಸಹಿ ಹಾಕಿದ ಇಬ್ಬರೂ ಇದಕ್ಕೂ ಸಹಿ ಹಾಕಬೇಕು, ಪಾಸ್‌ಪೋರ್ಟಿನ ಪ್ರತಿ ಲಗತ್ತಿಸಬೇಕು. ಎರಡು ಪ್ರತಿ ಒಯ್ದು, ನಮ್ಮ ಪ್ರತಿಯ ಮೇಲೆ ದಿನಾಂಕದ ಜೊತೆ 'ರೆಸಿಬಿದೊ' ಅಂತ ಸೀಲು ಕೇಳಿದೆವು, ಅಂದರೆ ಸ್ವೀಕರಿಸಿದ್ದೇವೆ ಅಂತ. ಕೊಡಲೇ ಇಲ್ಲ. ಮ್ಯಾನೇಜರ್ ರಜೆ ಅಂದರು, ನಾಳೆ ಬನ್ನಿ ಅಂದರು, ಅಲ್ಲೇ ಇನ್ನೊಬ್ಬ ಬಂದು ಬೆಲೆ ಇನ್ನೂ ಇಳಿಸುತ್ತೇನೆ ಅಂದ. ದಿನ ತಳ್ಳಿಸಿ ಗಡುವು ದಾಟಿಸುವ ಹುನ್ನಾರ ಅದು. ನಾವು ಅಲ್ಲೇ ನಿಂತು, ಪತ್ರವನ್ನು ಸ್ಕ್ಯಾನ್ ಮಾಡಿ, ಒಪ್ಪಂದದಲ್ಲಿದ್ದ ಎಲ್ಲ ಇಮೇಲ್ ವಿಳಾಸಗಳಿಗೂ ಕಳಿಸಿ, ಪ್ರೊಫೆಕೊಗೆ ದೂರು ಕೊಡುತ್ತೇವೆ ಅಂತ ಹೇಳಿದ ಮೇಲೆ ಸೀಲು ಬಿತ್ತು. ಹಣ ವಾಪಸ್ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಸೀಲು ಬಿದ್ದ ಆ ಪತ್ರವನ್ನೇ ಆಧಾರ ಮಾಡಿಕೊಂಡು ಕಾರ್ಡಿನ ಬ್ಯಾಂಕಿಗೂ ತಕರಾರು ಹಾಕಿದ್ದೆವು. ಮಗಳಿಗೆ ತಿಮಿಂಗಿಲ ತೋರಿಸಲಾಗಲಿಲ್ಲ. ಆ ದಿನಗಳೆಲ್ಲ ಅವರ ಕಚೇರಿಯ ಸೋಫಾ ಮೇಲೆ ಕಳೆದವು, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹಾಗಂತ ಊರು ಕೆಟ್ಟದ್ದಲ್ಲ. ಮಲೆಕೋನ್ ಅನ್ನುವ ಸಮುದ್ರದ ದಂಡೆಯ ಕಾಲುದಾರಿ, ಗ್ವಾದಲೂಪೆ ಮಾತೆಯ ಚರ್ಚಿನ ಕಿರೀಟ, ಹಿಂದೆ ಹಸಿರು ಬೆಟ್ಟ, ಎಲ್ಲ ಚೆನ್ನಾಗಿದೆ. ಆದರೆ ಮಲೆಕೋನ್‌ನಲ್ಲೂ 'ಟೂರಿಸ್ಟ್ ಇನ್ಫರ್ಮೇಶನ್' ಬೋರ್ಡು ಹಾಕಿಕೊಂಡು ಅರ್ಧ ಬೆಲೆಗೆ ದೋಣಿ ಟಿಕೆಟ್ಟು ಕೊಡುವ ಗೂಡಂಗಡಿಗಳು ಇದೇ ಜಾಲದವು. ಪೂರ್ತಿ ಬೆಲೆ ಕೊಟ್ಟು ದೋಣಿಯವರ ಹತ್ತಿರವೇ ಟಿಕೆಟ್ ತೆಗೆದುಕೊಳ್ಳಿ. ಏರ್‌ಪೋರ್ಟಿನ ಗಾಡಿಯನ್ನು ಮೊದಲೇ ಬುಕ್ ಮಾಡಿ, ಹಾಲ್‌ನಲ್ಲಿ ಯಾರು ಏನೇ ಕೇಳಲಿ ಉತ್ತರಿಸದೆ, ಕಣ್ಣು ಕೊಡದೆ ಬಿಸಿಲು ಕಾಣುವವರೆಗೂ ನಡೆಯಿರಿ. ನಿಜವಾದ ಚಾಲಕ ಹೆಸರಿನ ಬೋರ್ಡು ಹಿಡಿದು ಹೊರಗೆ ನಿಂತಿರುತ್ತಾನೆ. ಬುಕ್ ಮಾಡಿರದಿದ್ದರೆ ಹೆದ್ದಾರಿಯ ಮೇಲಿನ ಪಾದಚಾರಿ ಸೇತುವೆ ದಾಟಿ, ಆಚೆ ಊಬರ್ ಅಥವಾ ಊರಿನ ಟ್ಯಾಕ್ಸಿ ಹಿಡಿಯಿರಿ. ಪೆಸೊಗೂ ಡಾಲರಿಗೂ ಒಂದೇ ಗುರುತು ಬರೆಯುತ್ತಾರೆ, ಯಾವುದು ಅಂತ ಕೇಳಿಕೊಂಡೇ ಹತ್ತಿ.

ಇನ್ನು ಎಲ್ಲಕ್ಕಿಂತ ದೊಡ್ಡ ಅಪಾಯ ಮನೆಗೆ ಬಂದಮೇಲೆ ಕಾದಿದೆ. ಕೆಲವು ತಿಂಗಳ ನಂತರ ಗಂಡನಿಗೆ ಫೋನ್ ಬಂತು, ಒಳ್ಳೆಯ ಅಮೆರಿಕನ್ ಇಂಗ್ಲಿಷ್. "ನಿಮ್ಮ ವಯಾರ್ಟದ ಸದಸ್ಯತ್ವವನ್ನು ಒಂದು ಕಂಪನಿ ಕೊಳ್ಳಲು ತಯಾರಿದೆ, ಒಳ್ಳೆಯ ಬೆಲೆ, ಮೆಕ್ಸಿಕೋ ತೆರಿಗೆ ಮೊದಲು ನೀವು ಕಟ್ಟಿದರೆ ಸಾಕು" ಅಂತ. ನಾವು ರದ್ದು ಮಾಡಿದ್ದ ಒಪ್ಪಂದದ ಸಂಖ್ಯೆಯನ್ನೂ ಹೇಳಿದರು! ಅಂದರೆ ನಮ್ಮ ಕಾಗದದಲ್ಲಿದ್ದ ವಿವರವೆಲ್ಲ ಹೊರಗೆ ಹೋಗಿದೆ.

ಇಂಥ ಫೋನುಗಳ ಹಿಂದೆ ಹಾಲಿಸ್ಕೊ ನ್ಯೂ ಜನರೇಶನ್ ಕಾರ್ಟೆಲ್ ಅನ್ನುವ ಮಾದಕ ವಸ್ತು ಮಾಫಿಯಾ ಇದೆ ಅಂತ ಅಮೆರಿಕದ ಖಜಾನೆ ಇಲಾಖೆ ಬಹಿರಂಗವಾಗಿ ಹೇಳಿದೆ. 2023ರಿಂದ ಪ್ವೆರ್ಟೊ ವಯಾರ್ಟದ ಟೈಮ್‌ಶೇರ್ ವಂಚಕರ ಮೇಲೆ ನಿರ್ಬಂಧ ಹಾಕುತ್ತ ಬಂದಿದೆ. 2024ರ ಜುಲೈನಲ್ಲಿ ಎಫ್‌ಬಿಐ ಜೊತೆ ಸೇರಿ ಕೊಟ್ಟ ಎಚ್ಚರಿಕೆಯ ಪ್ರಕಾರ, 2019ರಿಂದ 2023ರವರೆಗೆ ಸುಮಾರು 6,000 ಅಮೆರಿಕನ್ನರು ಈ ಜಾಲದಲ್ಲಿ 30 ಕೋಟಿ ಡಾಲರಿಗೆ ಹತ್ತಿರದ ಮೊತ್ತ ಕಳೆದುಕೊಂಡಿದ್ದಾರೆ. ಹೆಚ್ಚಿನವರು ವಯಸ್ಸಾದವರು, ನಿವೃತ್ತಿಯ ದುಡ್ಡು ಕಳಿಸಿದವರು. 2023ರಲ್ಲಿ ಗ್ವಾದಲಾಹಾರದ ಪಕ್ಕದ ಸಪೋಪಾನ್‌ನಲ್ಲಿ ಇಂಥದ್ದೇ ಒಂದು ಕಾಲ್ ಸೆಂಟರಿನ ಎಂಟು ಜನ ಯುವಕ ಯುವತಿಯರು ಕಾಣೆಯಾಗಿ, ಆಮೇಲೆ ಕಮರಿಯೊಂದರಲ್ಲಿ ಹೆಣವಾಗಿ ಸಿಕ್ಕರು. ಫೋನಿನ ಆಚೆ ತುದಿಯಲ್ಲಿರುವುದು ಎಂಥ ಜನ ಅನ್ನೋದು ಗೊತ್ತಿರಲಿ.

ಒಮ್ಮೆ ದುಡ್ಡು ಕಳಿಸಿದವರನ್ನು ಅವರು ಅಲ್ಲಿಗೇ ಬಿಡುವುದಿಲ್ಲ. ಹೋದ ಹಣ ವಾಪಸ್ ಕೊಡಿಸುತ್ತೇವೆ ಅಂತ ವಕೀಲರ ಹೆಸರಲ್ಲಿ, ಸರ್ಕಾರಿ ಅಧಿಕಾರಿಗಳ ಹೆಸರಲ್ಲಿ ಮತ್ತೆ ಫೋನ್ ಮಾಡಿ ಮತ್ತೆ ಶುಲ್ಕ ಕೇಳುತ್ತಾರೆ. ನಿಮ್ಮ ಸ್ನೇಹಿತರಲ್ಲಿ, ಪರಿಚಯದ ಹಿರಿಯರಲ್ಲಿ ಮೆಕ್ಸಿಕೋ ಟೈಮ್‌ಶೇರ್ ಇರುವವರು ಯಾರಾದರೂ ಇದ್ದರೆ ಇವತ್ತೇ ಫೋನ್ ಮಾಡಿ ಹೇಳಿ: ಕೊಳ್ಳುತ್ತೇವೆ ಅಂತ ಬರುವ ಯಾವ ಕರೆಗೂ ಮುಂಗಡ ಕೊಡಬೇಡಿ, ಮೆಕ್ಸಿಕೋ ಬ್ಯಾಂಕಿಗೆ ವೈರ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ನಾಚಿಕೊಂಡು ಸುಮ್ಮನಾಗದೆ ಮೊದಲು ಬ್ಯಾಂಕಿಗೆ ತಿಳಿಸಿ, ಆಮೇಲೆ ಎಫ್‌ಬಿಐನ ಐಸಿ3 ಜಾಲತಾಣದಲ್ಲಿ ದೂರು ದಾಖಲಿಸಿ. ಮನೆಯ ಹಿರಿಯರು ಇಂಗ್ಲಿಷಿನಲ್ಲಿ ದೂರು ಬರೆಯಲು ಹಿಂಜರಿದರೆ ಪಕ್ಕದಲ್ಲಿ ಕೂತು ನೀವೇ ತುಂಬಿಕೊಡಿ.